ಗೂಗಿಗುಡ್ಡಕ್ಕೆ ಹೋದ ತುಂಡು

ಸುಕನ್ಯಾ ಅಳತೆಯ ತಗಡನ್ನು ಎರಡನೆಯ ಸಲ ಕಬ್ಬಿಣದ ಚೌಕಟ್ಟಿನ ಮೇಲಿಟ್ಟು ನೋಡಿದಳು. ತೂತುಗಳು ಕೂಡಲಿಲ್ಲ. ತಗಡನ್ನು ಬೋರಲು ಮಾಡಿ ಇಟ್ಟಳು. ಒಂದೂ ಬಿಡದಂತೆ ಎಲ್ಲವೂ ಕೂಡಿದವು. ಅಲ್ಲಿಗೆ ಅವಳಿಗೆ ಗೊತ್ತಾಯಿತು. ಸೇತುವೆಯ ಎಡಬದಿಯ ಕೊನೆಗೆ ಹೋಗಬೇಕಾದ ತುಂಡಿಗೆ ಬಲಬದಿಯ ತೂತು ಬಿದ್ದಿದ್ದವು. ಎಡಗಾಲಿಗೊಂದು ಬಲಗಾಲಿಗೊಂದು ಚಪ್ಪಲಿ ಹೊಲಿಯುವ ಬದಲು ಎರಡನ್ನೂ ಬಲಗಾಲಿಗೇ ಹೊಲಿದಂತಾಗಿತ್ತು.

"ಮೇಡಮ್ಮಾರ, ಬಿಸ್ಲು ಏರಾಕತ್ತೈತ್ರಿ. ಇದೊಂದು ಹೇರಿದ್ರ ಹೊಂಟೆ ನಾನು," ಎಂದ ಟೆಂಪೋ ಚಾಲಕ ಮುನವ್ವರ. ಭಾಗ್ಯನಗರದ ಆ ಕಾರ್ಖಾನೆಯ ಅಂಗಳದಲ್ಲಿ ಉಳಿದ ತುಂಡುಗಳೆಲ್ಲ ಆಗಲೇ ಟೆಂಪೋ ಏರಿ ಹಗ್ಗ ಬಿಗಿಸಿಕೊಂಡಿದ್ದವು.

"ತಡೀ ಮುನವ್ವರಣ್ಣ, ಇದು..." ಎನ್ನುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ನೇತ್ರಾವತಿ. ಗುಡ್ಡದ ಮೇಲಿನ ಗಾಳಿ ಫೋನಿನೊಳಗೆ ಬುಸುಗುಡುತ್ತಿತ್ತು. ಹಿಂದೆ ಯಾರೋ ಗಂಡಸರು ನಗುತ್ತಿದ್ದರು.

"ಏ ಸುಕ್ಕಿ, ಕೊನೀ ತುಂಡು ಹೊಂಟ್ವೇನ? ಇಲ್ಲೆ ಎಲ್ಲಾರೂ ದಾರಿ ಕಾಯಾಕತ್ತಾರ. ಇನ್ನೊಂದು ಮಾತು ಹೇಳ್ತೀನಿ, ಕೇಳು. ಉಮಾಪತಿ ಸರ್ ಫೋನ್ ಮಾಡಿದ್ರು. ಉತ್ತರಾಖಂಡದ ಕೆಲಸ ನಮಗ ಬಂತಂತ! ಹಿಮದ ಗುಡ್ಡದಾಗ ಇಂಥದ ಸೇತುವಿ. ನನ್ನನ್ನ ಕಳಸ್ತಾರಂತ ಲೇ! ನಂಗಂತೂ ಕೈಕಾಲ ಆಡವಲ್ಲವು."

ಸುಕನ್ಯಾಳ ಬಾಯಲ್ಲಿದ್ದ ಮಾತು ಅಲ್ಲೇ ನಿಂತಿತು.

"ಹೌದಾ?" ಎಂದಳು. "ಛಲೋ ಆತು ಬಿಡು."

"ತುಂಡೆಲ್ಲಾ ಸರಿ ಅದಾವಲ್ಲಾ?"

ಸುಕನ್ಯಾ ಚೌಕಟ್ಟನ್ನು ನೋಡಿದಳು. ಹೊಸದಾಗಿ ಬಳಿದ ಬೂದು ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು.

"ಅದಾವು," ಎಂದಳು.

ಫೋನಿಟ್ಟ ಮೇಲೆ ಕೈಯಲ್ಲಿದ್ದ ಚಾಕ್‌ಪೀಸಿನಿಂದ ಚೌಕಟ್ಟಿನ ಮೂಲೆಗೊಂದು ಗೀಟು ಎಳೆದಳು. ಆ ಅಂಗಳದಲ್ಲಿ ಅವಳ ಗೀಟು ಬಿದ್ದ ಮೇಲೆ ಯಾರೂ ಎರಡನೆಯ ಸಲ ಅಳೆದು ನೋಡುತ್ತಿರಲಿಲ್ಲ. ಹುಡುಗರು ತುಂಡನ್ನು ಎತ್ತಿ ಹೇರಿದರು. ಟೆಂಪೋ ಗೇಟು ದಾಟಿ, ರೈಲ್ವೆ ಹಳಿಯ ಕಡೆಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನಿಂತೇ ಇದ್ದಳು. ಕೂಗಿ ನಿಲ್ಲಿಸುವಷ್ಟು ಹೊತ್ತಿತ್ತು. ಕೂಗಲಿಲ್ಲ.

ನೇತ್ರಾವತಿಯನ್ನು ಈ ಕೆಲಸಕ್ಕೆ ಕರೆತಂದವಳು ಸುಕನ್ಯಾಳೇ. ಇಬ್ಬರೂ ಕೊಪ್ಪಳದಲ್ಲಿ ಕೂಡಿ ಡಿಪ್ಲೊಮಾ ಓದಿದವರು. ಯಲಬುರ್ಗಾದ ಸುಕನ್ಯಾ ತರಗತಿಗೆ ಮೊದಲಿಗಳು. ಮರಳಿ ಎಂಬ ಊರಿನ ನೇತ್ರಾವತಿ ಡ್ರಾಯಿಂಗಿನಲ್ಲಿ ನಪಾಸಾಗಿ, ಹಾಸ್ಟೆಲಿನ ಕಾರಿಡಾರಿನಲ್ಲಿ ಗೋಡೆಗೊರಗಿ ಅತ್ತವಳು. ಸುಕನ್ಯಾ ಅವಳ ಪಕ್ಕದಲ್ಲಿ ಕೂತು, ಗೆರೆ ಎಳೆಯುವುದನ್ನು ಮೊದಲಿನಿಂದ ಕಲಿಸಿದ್ದಳು. ಓದು ಮುಗಿದ ಮೇಲೆ ಭಾಗ್ಯನಗರದ ಉಮಾಪತಿಯವರ ಕಾರ್ಖಾನೆಯಲ್ಲಿ ಸುಕನ್ಯಾಳಿಗೆ ಮೊದಲು ಕೆಲಸ ಸಿಕ್ಕಿತು. ಮಾರನೆಯ ವರ್ಷ ಅವಳೇ ಹೋಗಿ, "ನನ್ನ ಗೆಳತಿ ಒಬ್ಬಾಕಿ ಅದಾಳ್ರಿ ಸರ್, ಭಾಳ ಧೈರ್ಯದಾಕಿ," ಎಂದು ಹೇಳಿದ್ದಳು. ಅಂದಿನಿಂದ ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಒಂದೇ ಕನ್ನಡಿ, ಒಂದೇ ತಲೆಯೆಣ್ಣೆಯ ಬಾಟಲಿ.

ಅಷ್ಟರಲ್ಲಿ ಗೂಗಿಗುಡ್ಡದ ಕೆಲಸ ಬಂತು. ಗಂಗಾವತಿಯಾಚೆ ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವ ಗುಡ್ಡಗಳ ನಡುವೆ ಒಂದು ಆಳವಾದ ಕೊಳ್ಳ. ಕೊಳ್ಳದಾಚೆ ಕಲ್ದೊಡ್ಡಿ ಎಂಬ ಆಡು ಸಾಕುವವರ ಸಣ್ಣ ಊರು. ಮಳೆಗಾಲದಲ್ಲಿ ಕೊಳ್ಳ ತುಂಬಿತೆಂದರೆ ಆ ಊರಿಗೆ ಈಚೆಯ ಸಂಪರ್ಕ ತಪ್ಪಿಹೋಗುತ್ತಿತ್ತು. ಸಿಮೆಂಟಿನ ಸೇತುವೆ ಕಟ್ಟಲು ಅರಣ್ಯ ಇಲಾಖೆಯವರು ಒಪ್ಪಿರಲಿಲ್ಲ. ಅದು ಕರಡಿಗಳಿರುವ ಜಾಗ. ಬಂಡೆಗೆ ಮದ್ದಿಡುವಂತಿಲ್ಲ, ಗಿಡ ಕಡಿಯುವಂತಿಲ್ಲ, ಜೆಸಿಬಿ ಹತ್ತಿಸುವಂತಿಲ್ಲ. ಜನರೇಟರು, ಗ್ಯಾಸ್ ಕಟ್ಟರ್ ಯಾವುದೂ ಕೂಡದು. ಒಣಹುಲ್ಲಿಗೆ ಒಂದು ಕಿಡಿ ಹಾರಿದರೂ ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಹೊತ್ತು ಮುಳುಗುವ ಮೊದಲೇ ಎಲ್ಲರೂ ಇಳಿದುಬಿಡಬೇಕು. ಉಳಿದದ್ದು ಒಂದೇ ದಾರಿ. ಸೇತುವೆಯನ್ನು ಕಾರ್ಖಾನೆಯಲ್ಲೇ ತುಂಡುತುಂಡಾಗಿ ಮಾಡಿ, ಹೆಗಲ ಮೇಲೆ ಹೊತ್ತೊಯ್ದು, ಮೇಲೆ ಬರೀ ಬೋಲ್ಟು ಬಿಗಿದು ಕೂಡಿಸುವುದು.

ಆರು ಜನ ಹೊತ್ತು ಬಂಡೆಗಳ ಸಂದಿನಲ್ಲಿ ತಿರುಗಿಸಿಕೊಂಡು ಹೋಗಬಹುದಾದಷ್ಟೇ ಸಣ್ಣದಾಗಿ ಸೇತುವೆಯನ್ನು ಒಡೆದು ನಕ್ಷೆ ಬರೆದವಳು ಸುಕನ್ಯಾ. ಇಡೀ ಚಳಿಗಾಲ ಅದರಲ್ಲೇ ಕಳೆದಿದ್ದಳು. ಆದರೆ ಗುಡ್ಡಕ್ಕೆ ಯಾರು ಹೋಗಬೇಕೆಂಬ ಮಾತು ಬಂದಾಗ ಉಮಾಪತಿ, "ನೀ ಇಲ್ಲೇ ಬೇಕವ್ವ. ನಿನ್ನ ಕಣ್ಣು ಬಿಟ್ರ ಇಲ್ಲೆ ನಾ ಯಾರನ್ನೂ ನಂಬಂಗಿಲ್ಲ. ಆಕಿ ಹತ್ತಲಿ ಗುಡ್ಡ," ಎಂದುಬಿಟ್ಟರು. ಅದು ಹೊಗಳಿಕೆಯೇ. ಸುಕನ್ಯಾ ನಕ್ಕು ತಲೆಯಾಡಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು.

ಒಂದು ದಿನ ಪತ್ರಿಕೆಯಲ್ಲಿ ನೇತ್ರಾವತಿಯ ಫೋಟೋ ಬಂತು. ಹಳದಿ ಹೆಲ್ಮೆಟ್ಟು ಹಾಕಿಕೊಂಡು ಬಂಡೆಯ ಅಂಚಿನಲ್ಲಿ ನಿಂತಿದ್ದಳು. ಕೆಳಗೆ, ಗುಡ್ಡಕ್ಕೆ ಸೇತುವೆ ಹೊತ್ತ ಹುಡುಗಿ ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು. ಸುಕನ್ಯಾ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದಳು. ತನ್ನ ಹೆಸರು ಎಲ್ಲಿಯೂ ಇರಲಿಲ್ಲ. ಯಲಬುರ್ಗಾದಿಂದ ಮಗಳನ್ನು ನೋಡಲು ಬಂದ ಅವಳ ತಾಯಿ ಹುಲಿಗವ್ವ ಆ ಫೋಟೋ ಕತ್ತರಿಸಿ, ಕೋಣೆಯ ದೇವರ ಪಟದ ಪಕ್ಕಕ್ಕೆ ಅಂಟಿಸಿದಳು. ಹೊತ್ತಾರೆ ಎದ್ದು ದೇವರಿಗೆ ಕೈಮುಗಿಯಲು ನಿಂತರೆ ಸುಕನ್ಯಾಳ ಕಣ್ಣು ಮೊದಲು ಹಳದಿ ಹೆಲ್ಮೆಟ್ಟಿನ ಮೇಲೇ ಹೋಗುತ್ತಿತ್ತು.

ತುಂಡು ಹೋದ ದಿನ ಸಂಜೆಯೂ ಹುಲಿಗವ್ವ ಕೋಣೆಯಲ್ಲೇ ಇದ್ದಳು. ಖಾಲಿ ಟೆಂಪೋದಲ್ಲಿ ಮುನವ್ವರನ ಜೊತೆ ಮರಳಿ ಬಂದ ನೇತ್ರಾವತಿ ಬಾಗಿಲಲ್ಲೇ ಬೂಟು ಕಳಚಿದಳು. ಹಿಮ್ಮಡಿ ಒಡೆದು ರಕ್ತ ಒಸರಿತ್ತು.

"ಅಯ್ಯ ನನ ಮಗಳ, ಏನ್ ಗತಿ ಮಾಡ್ಕೊಂಡೀ ಕಾಲು!" ಎಂದು ಹುಲಿಗವ್ವ ಅವಳನ್ನು ಚಾಪೆಯ ಮೇಲೆ ಕೂಡಿಸಿದಳು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಿಮ್ಮಡಿಗೆ ಹಚ್ಚಿ, ಉಳಿದದ್ದನ್ನು ಅವಳ ತಲೆಗೆ ತಿಕ್ಕತೊಡಗಿದಳು. ನೇತ್ರಾವತಿ ಕಣ್ಣುಮುಚ್ಚಿ, "ಯವ್ವಾ, ಇನ್ನಷ್ಟ ಒತ್ತಿ ತಿಕ್ಕು ಬೇ," ಎಂದಳು. ಹುಲಿಗವ್ವನನ್ನು ಅವಳು ಅತ್ತೆ ಎಂದೋ ಕಾಕಿ ಎಂದೋ ಕರೆದದ್ದೇ ಇಲ್ಲ. ಮೊದಲಿನಿಂದಲೂ ಯವ್ವಾ ಎಂದೇ.

ಸುಕನ್ಯಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ನಾಳೆ ಕೊನೀ ತುಂಡು ಕೂಡಿಸಿದ್ರ ಆತು ಯವ್ವಾ. ಆಮ್ಯಾಲ ಉರುಳಿ ಮ್ಯಾಲ ಆಚೆ ದಂಡಿಗೆ ನೂಕೂದಷ್ಟ. ಕಲ್ದೊಡ್ಡಿಯವ್ರು ಪಾಯಸ ಮಾಡ್ತಾರಂತ. ಮಿರಗ ಮಳಿ ಹಿಡಿಯೋದ್ರಾಗ ಸೇತುವಿ ಮುಗೀಬೇಕು, ಇಲ್ಲಂದ್ರ ಅರಣ್ಯದವ್ರು ಮಳಿಗಾಲ ಮುಗಿಯೋತನ ಒಳಗ ಬಿಡಂಗಿಲ್ಲ. ವಿರುಪಣ್ಣ ಅಂತ ಒಬ್ಬ ಕಾಕಾ ಅದಾನ, ಹೊರೋ ಮಂದಿಗೆಲ್ಲಾ ಅವನ ಮುಂದಾಳು. ನಮ್ಮೂರಿಗೆ ಬರೋ ಸೇತುವಿ, ನಮ್ಮ ಹೆಗಲ ಮ್ಯಾಲೇ ಬರ್ಲಿ ಅಂತಾನ." ನೇತ್ರಾವತಿ ಕಣ್ಣು ತೆರೆದು ಸುಕನ್ಯಾಳ ಬೆನ್ನನ್ನು ನೋಡಿದಳು. "ನೀನೂ ಬಾ ಸುಕ್ಕಿ ನಾಳೆ. ನೀ ಮಾಡಿದ್ದು ನೀನ ನೋಡಿಲ್ಲಲ್ಲ."

"ನಂಗ ಕೆಲಸೈತಿ."

"ಹಿಮದ ಗುಡ್ಡಕ್ಕೂ ಹೋಗ್ತಾಳಂತ ಇಕಿ," ಎಂದಳು ಹುಲಿಗವ್ವ. ಅವಳ ದನಿಯಲ್ಲಿದ್ದ ಹೆಮ್ಮೆಗೆ ಸುಕನ್ಯಾಳ ಕೈಯ ರೊಟ್ಟಿ ಅಂಚಿನಲ್ಲಿ ಹರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ತಟ್ಟತೊಡಗಿದಳು. ಈಗ ಹೇಳಿಬಿಡಬಹುದು ಅನ್ನಿಸಿತು. ತುಂಡು ಇನ್ನೂ ಗುಡ್ಡದ ಬುಡದಲ್ಲೇ ಇದೆ, ಯಾರೂ ಹೊತ್ತಿಲ್ಲ. ನೋಡುವಾಗ ಕಣ್ಣು ತಪ್ಪಿತು ಎಂದರೆ ಮುಗಿಯಿತು. ಅವಳು ತಿರುಗಿ ನೋಡಿದಳು. ನೇತ್ರಾವತಿಯ ತಲೆ ತನ್ನ ತಾಯಿಯ ತೊಡೆಗೆ ವಾಲಿತ್ತು. ಸುಕನ್ಯಾ ಮತ್ತೆ ಒಲೆಯ ಕಡೆ ತಿರುಗಿದಳು.

ಮರುದಿನ ಹೊತ್ತೇರಿದ ಮೇಲೆ ಉಮಾಪತಿ ತಮ್ಮ ಕೋಣೆಯಿಂದ ಫೋನು ಹಿಡಿದುಕೊಂಡೇ ಹೊರಗೆ ಬಂದರು.

"ಗುಡ್ಡದ ಮ್ಯಾಲ ತುಂಡು ಕೂಡವಲ್ಲದಂತ. ಜೀಪು ಹತ್ತು, ನಡೀ."

ಜೀಪು ಗಂಗಾವತಿ ದಾಟಿ ಭತ್ತದ ಗದ್ದೆಗಳ ನಡುವೆ ಓಡಿ, ಕಚ್ಚಾ ದಾರಿಯ ಕೊನೆಯಲ್ಲಿ ನಿಂತಿತು. ಅಲ್ಲಿಂದ ಮುಂದೆ ನಡಿಗೆ. ಸುಕನ್ಯಾ ಈ ಗುಡ್ಡವನ್ನು ಕಾಗದದ ಮೇಲೆ ಬೇಕಾದಷ್ಟು ಸಲ ಹತ್ತಿಳಿದವಳು. ಕಾಲಿನಿಂದ ಹತ್ತಿದ್ದು ಅಂದೇ ಮೊದಲು. ತಾನು ನಕ್ಷೆಯಲ್ಲಿ ಒಂದು ಸಣ್ಣ ತಿರುವು ಎಂದು ಬರೆದ ಜಾಗದಲ್ಲಿ ಎರಡು ದೊಡ್ಡ ಬಂಡೆಗಳು ಮೈಗೆ ಮೈ ತಾಗಿಸಿ ನಿಂತಿದ್ದವು. ಅವುಗಳ ನಡುವೆ ಅಡ್ಡಡ್ಡ ನುಸುಳುವಾಗ ಕುಪ್ಪಸ ಕಲ್ಲಿಗೆ ತಾಗಿತು. ಇಲ್ಲಿ ಕಬ್ಬಿಣ ಹೊತ್ತು ಹೇಗೆ ತಿರುಗಿದರೋ. ಬಂಡೆಯ ಮೇಲೆಲ್ಲ ಬೂದು ಬಣ್ಣ ತರಚಿದ ಗುರುತುಗಳಿದ್ದವು.

ಮೇಲೆ ಕೊಳ್ಳದ ಅಂಚಿನಲ್ಲಿ ಸೇತುವೆ ಕೊನೆಯ ತುಂಡೊಂದನ್ನು ಬಿಟ್ಟು ಪೂರ್ತಿ ಕೂಡಿಕೊಂಡು ಉರುಳೆಗಳ ಮೇಲೆ ಕೂತಿತ್ತು. ಅದರ ಬಾಲದ ಹತ್ತಿರ ಆ ತುಂಡು ಬಿದ್ದಿತ್ತು. ಹೊತ್ತವರು ಹೆಗಲ ಮೇಲಿನ ಗೋಣಿಚೀಲದ ಸಿಂಬಿ ತೆಗೆದು ಬಂಡೆಯ ನೆರಳಿಗೆ ಕೂತಿದ್ದರು. ಆಚೆ ದಡದಲ್ಲಿ ಕಲ್ದೊಡ್ಡಿಯ ಹೆಂಗಸರು ಸೆರಗು ತಲೆಗೆ ಹೊದ್ದು, ಕೈ ಅಡ್ಡ ಹಿಡಿದು ಈಚೆಗೇ ನೋಡುತ್ತಿದ್ದರು. ಅವರಿಗೆ ಏನಾಗಿದೆಯೆಂದು ಇನ್ನೂ ತಿಳಿದಿರಲಿಲ್ಲ.

ನೇತ್ರಾವತಿ ಎದ್ದು ನಿಂತಳು. ಮುಂಗೈವರೆಗೂ ಗ್ರೀಸು ಮೆತ್ತಿತ್ತು.

"ಇಳಿಸ್ಕೊಳ್ಳೋವಾಗ ಯಾಕ ನೋಡ್ಲಿಲ್ಲ?" ಉಮಾಪತಿ ಏದುಸಿರು ಬಿಡುತ್ತಲೇ ಕೇಳಿದರು.

"ಸುಕನ್ಯಾ ನೋಡಿ ಕಳಿಸಿದ್ದಳ್ರಿ ಸರ್, ಅದಕ್ಕ..." ಎಂದವಳು ಸುಕನ್ಯಾಳ ಮುಖ ನೋಡಿ ತಡೆದಳು. "ನಾನೂ ನೋಡಬೇಕಾಗಿತ್ರಿ. ನಂದ ತಪ್ಪು."

"ಆಕಿ ನೂರಾರು ತುಂಡು ನೋಡ್ತಾಳ, ಒಂದು ಕಣ್ಣು ತಪ್ಪಬಹುದು. ನಿನಗ ಇದ್ದದ್ದ ಒಂದು ಕೆಲಸ! ಪೇಪರಿನ್ಯಾಗ ಫೋಟೋ ಬಂತಂದ್ರ ಆತೇನು? ಇಷ್ಟು ಮಂದಿ ಹೆಗಲು ಸುಲಸ್ಕೊಂಡು ಹೊತ್ತಾರ, ಕಣ್ಣಿಗೆ ಕಾಣಸ್ತೈತಿಲ್ಲೋ ನಿನಗ?"

ಎಲ್ಲರೂ ಕೇಳುವಂತೆ ಅವರು ಬೈಯುತ್ತಿದ್ದರು. ನೇತ್ರಾವತಿ ತಲೆ ತಗ್ಗಿಸಿ ನಿಂತಿದ್ದಳು. ಸುಕನ್ಯಾಳಿಗೆ ಬಿಸಿಲಲ್ಲಿ ನಡೆದು ಬಂದು ಗಡಿಗೆಯ ತಣ್ಣೀರು ಕುಡಿದಂತಾಯಿತು. ಅದು ಎಷ್ಟು ಹಿತವಾಗಿತ್ತೆಂದರೆ ತನ್ನ ಮುಖದಲ್ಲಿ ಕಂಡೀತೆಂದು ಹೆದರಿ, ಅವಳು ಬಗ್ಗಿ ಬೂಟಿನ ಲಾಡಿ ಬಿಗಿದುಕೊಂಡಳು.

"ಈಗ ಇದನ್ನ ಏನ್ಮಾಡೂದ್ರಿ?" ಎಂದು ಕೇಳಿದ ನರೆತ ಮೀಸೆಯ ಒಬ್ಬಾತ. ಸುಕನ್ಯಾ ಕೇಳದಿದ್ದರೂ ಅವನೇ ವಿರುಪಣ್ಣನೆಂದು ಗೊತ್ತಾಯಿತು.

"ಕೆಳಗ ಒಯ್ಯಬೇಕಪ್ಪ. ಇಲ್ಲೆ ತೂತು ಹೊಡೆಯಾಕ ಅರಣ್ಯದವ್ರು ಬಿಡಂಗಿಲ್ಲ," ಎಂದರು ಉಮಾಪತಿ.

ವಿರುಪಣ್ಣ ತುಂಡನ್ನೊಮ್ಮೆ, ಆಚೆ ದಡವನ್ನೊಮ್ಮೆ ನೋಡಿದ. ಆಮೇಲೆ ಸಿಂಬಿಯನ್ನು ಹೆಗಲಿಗೆ ಹಾಕಿಕೊಂಡು, "ಏಳ್ರಪಾ. ಕುಂತ್ರ ಅದೇನು ತಾನ ಇಳೀತೈತೇನು?" ಎಂದ.

ಹೊರೆ ಹತ್ತಿಸುವುದಕ್ಕಿಂತ ಇಳಿಸುವುದು ಕಷ್ಟವೆಂದು ಸುಕನ್ಯಾಳಿಗೆ ಆವತ್ತು ಕಣ್ಣಾರೆ ಕಂಡಿತು. ತುಂಡಿನ ಭಾರವೆಲ್ಲ ಮುಂದಿನವರ ಮೇಲೆ ಜಗ್ಗುತ್ತಿತ್ತು. ವಿರುಪಣ್ಣ ಎಲ್ಲರಿಗಿಂತ ಮುಂದಿದ್ದ. ಎರಡು ಬಂಡೆಗಳ ಸಂದಿನಾಚೆ ಇಳಿಜಾರಾದ ನುಣ್ಣನೆಯ ಹಾಸುಬಂಡೆ. ಅಲ್ಲಿ ಅವನ ಚಪ್ಪಲಿ ಜಾರಿತು. "ಹಿಡೀರಿ!" ಎಂದು ಯಾರೋ ಕೂಗಿದರು. ತುಂಡಿನ ಮೂತಿ ಕೆಳಕ್ಕೆ ಬಡಿಯಿತು. ಅವನ ಮೊಣಕಾಲಿನ ಕೆಳಗೆ ಒಣಕಟ್ಟಿಗೆ ಮುರಿದಂಥ ಸದ್ದಾಯಿತು.

ವಿರುಪಣ್ಣ ಕೂಗಲಿಲ್ಲ. ಬಾಯಿ ತೆರೆದು ಆಕಾಶ ನೋಡಿದ. ನೇತ್ರಾವತಿ ಹಿಂದಿನಿಂದ ಜಿಗಿದು ಬಂದು, ಹೊರುವ ಗಳುವನ್ನೇ ಕಬ್ಬಿಣದಡಿ ಕೊಟ್ಟು ಮೀಟಿದಳು. "ಎತ್ರಪೋ, ಎತ್ರಿ!" ಎಂದು ಚೀರಿದಳು. ಉಮಾಪತಿಯೂ ಕೈಹಾಕಿದರು. ಸುಕನ್ಯಾ ಮಾತ್ರ ನಿಂತಲ್ಲೇ ನಿಂತಿದ್ದಳು. ತುಂಡಿನ ಮೂಲೆಯಲ್ಲಿ, ರಕ್ತ ಸಿಡಿದ ಜಾಗಕ್ಕಿಂತ ಗೇಣುದ್ದ ಮೇಲೆ, ಚಾಕ್‌ಪೀಸಿನ ಗೀಟು ಹಾಗೆಯೇ ಬೆಳ್ಳಗಿತ್ತು.

ಗಂಗಾವತಿಯ ಆಸ್ಪತ್ರೆಯ ವರಾಂಡದಲ್ಲಿ ಮಧ್ಯಾಹ್ನದ ಬಿಸಿಲು ಅರ್ಧ ಬೆಂಚಿನವರೆಗೆ ಬಂದಿತ್ತು. ಕಾಲು ಎರಡು ಕಡೆ ಮುರಿದಿದೆ, ಸರಳು ಹಾಕಬೇಕು, ಉಳಿಯುತ್ತದೆ, ಆದರೆ ಮೊದಲಿನಂತೆ ಗುಡ್ಡ ಹತ್ತುವುದು ಕಷ್ಟ ಎಂದು ಡಾಕ್ಟರು ಹೇಳಿ ಹೋದರು. ದಾರಿಯುದ್ದಕ್ಕೂ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದ ನೇತ್ರಾವತಿಯ ಚೂಡಿದಾರ ನೆನೆದು ಕಪ್ಪಾಗಿತ್ತು.

ಉಮಾಪತಿ ಬಹಳ ಹೊತ್ತು ಅತ್ತಿಂದಿತ್ತ ಓಡಾಡಿ, ಕೊನೆಗೆ ಅವಳ ಮುಂದೆ ನಿಂತರು. ಈಗ ಬೈಯಲಿಲ್ಲ. ಅದಕ್ಕಿಂತ ಕೆಟ್ಟದಾಗಿ, ಮೆಲ್ಲಗೆ ಹೇಳಿದರು. "ಉತ್ತರಾಖಂಡಕ್ಕ ನಿನ್ನನ್ನ ಕಳಸೂದು ಬ್ಯಾಡವ್ವ. ಅಲ್ಲೆ ಇದಕ್ಕಿಂತ ದೊಡ್ಡ ಕೊಳ್ಳ ಅದಾವ. ಸುಕನ್ಯಾ ಹೋಗ್ಲಿ."

ಸುಕನ್ಯಾಳಿಗೆ ಬೇಕಾದದ್ದು ಕೈಗೇ ಬಂದಿತ್ತು. ಇನ್ನು ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಾಗಿತ್ತು.

ನೇತ್ರಾವತಿ ಕಣ್ಣೊರೆಸಿಕೊಂಡು, "ಕಳಸ್ರಿ ಸರ್. ಆಕಿ ಛಲೋ ಮಾಡ್ತಾಳ. ಮೊದಲಿಂದನೂ ನನಗಿಂತ ಶಾಣ್ಯಾಕಿ," ಎಂದಳು. ಆ ಮಾತಿನಲ್ಲಿ ಒಂದು ಮುಳ್ಳೂ ಇರಲಿಲ್ಲ. ಸುಕನ್ಯಾ ಹುಡುಕಿದಳು. ಒಂದಾದರೂ ಸಿಕ್ಕಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ.

"ನಂಗ ಗೊತ್ತಿತ್ತು," ಎಂದಳು.

ಇಬ್ಬರೂ ಅವಳತ್ತ ತಿರುಗಿದರು.

"ತೂತು ಬಲಗಡೇವು ಅದಾವಂತ ನಿನ್ನೆ ನಂಗ ಗೊತ್ತಾಗಿತ್ರಿ ಸರ್. ಕಣ್ಣು ತಪ್ಪಿಲ್ಲ. ಗೊತ್ತಿದ್ದ ಗೀಟು ಹಾಕಿ ಕಳಿಸ್ದೆ."

ಉಮಾಪತಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಗೊತ್ತಿದ್ದು? ಯಾಕ?" ಎಂದರು. ಅವರು ಗೋಡೆಗೆ ಕೈಕೊಟ್ಟು ನಿಂತರು. "ನಿನ್ನ ಕಣ್ಣು ಬಿಟ್ರ ಯಾರನ್ನೂ ನಂಬಂಗಿಲ್ಲ ಅಂತಿದ್ನೆಲ್ಲವ್ವ ನಾನು," ಎಂದಷ್ಟೇ ಹೇಳಿ, ವಿರುಪಣ್ಣನನ್ನು ಮಲಗಿಸಿದ್ದ ಕೋಣೆಯ ಕಡೆ ನಡೆದರು.

ನೇತ್ರಾವತಿ ಬೆಂಚಿನಿಂದ ಏಳಲಿಲ್ಲ.

"ಸರಿ ಅದಾವಲ್ಲಾ ಅಂತ ಕೇಳಿದ್ನೆಲ್ಲ ನಿನ್ನ," ಎಂದಳು.

"ಹ್ಞೂಂ."

"ನಿಂಗ ಹಿಮದ ಗುಡ್ಡಕ್ಕ ಹೋಗೋದಿತ್ತಾ? ಒಂದ್ಮಾತು ಅಂದಿದ್ರ ನಾನ ಸರ್‌ಗೆ ಹೇಳ್ತಿದ್ನೆಲ್ಲ, ಆಕೀನ್ನ ಕಳಸ್ರಿ ಅಂತ."

"ಅದಕ್ಕ ಅನ್ಲಿಲ್ಲ," ಎಂದಳು ಸುಕನ್ಯಾ. "ನೀ ಕೊಡ್ತಿದ್ದಿ. ಅದಕ್ಕ."

ನೇತ್ರಾವತಿ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆಮೇಲೆ ಎದ್ದು, ವರಾಂಡದ ಕೊನೆಯ ನಲ್ಲಿಗೆ ಹೋಗಿ ಚೂಡಿದಾರದ ಅಂಚನ್ನು ನೀರಿಗೆ ಹಿಡಿದಳು. ತುಂಬ ಹೊತ್ತು ತಿಕ್ಕಿದಳು. ಕಲೆ ಹೋಗಲಿಲ್ಲ.

ಆವತ್ತೇ ಸಂಜೆ ಅವಳು ಕೋಣೆ ಬಿಟ್ಟಳು. ಹುಲಿಗವ್ವ ಮೊದಲು ಏನೂ ತಿಳಿಯದೆ, "ಯಾಕ ಬೇ, ಏನಾತು?" ಎಂದು ಇಬ್ಬರನ್ನೂ ಕೇಳಿದಳು. ನೇತ್ರಾವತಿ, "ಆಕೀನ್ನ ಕೇಳು ಯವ್ವಾ," ಎಂದಳು. ಸುಕನ್ಯಾ ಹೇಳಿದಳು. ಹುಲಿಗವ್ವ ಮಗಳನ್ನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ನೇತ್ರಾವತಿಯ ಎರಡು ಚೀಲಗಳಲ್ಲಿ ಭಾರದ್ದನ್ನು ತಾನು ಎತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬರಲು ಹೊರಟಳು. ಸುಕನ್ಯಾ ಕಿಟಕಿಯಲ್ಲಿ ನಿಂತು ನೋಡಿದಳು. ಓಣಿಯ ತಿರುವಿನಲ್ಲಿ ಅವಳ ತಾಯಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, ಖಾಲಿಯಾದ ಕೈಯನ್ನು ನೇತ್ರಾವತಿಯ ಬೆನ್ನ ಮೇಲಿಟ್ಟಳು. ಅಷ್ಟೆಲ್ಲ ಆದಮೇಲೂ ಸುಕನ್ಯಾಳ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಹೇಳಿಬಿಟ್ಟರೆ ಅದು ಆರಬಹುದು ಎಂದುಕೊಂಡಿದ್ದಳು. ಆರಿರಲಿಲ್ಲ.

ಉಮಾಪತಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಚಾಕ್‌ಪೀಸು ಮತ್ತೆ ಅವಳ ಕೈಗೆ ಬರಲಿಲ್ಲ. ಹಿಂದಿನ ಗೋದಾಮಿನಲ್ಲಿ ಬೋಲ್ಟು, ನಟ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಎಣ್ಣೆ ಹಚ್ಚಿಡುವುದು ಅವಳ ಕೆಲಸವಾಯಿತು. ಎಡಬದಿಯ ಹೊಸ ತುಂಡು ತಯಾರಾದಾಗ ಅದನ್ನು ಅಳೆದು ನೋಡಲು ನೇತ್ರಾವತಿಯೇ ಅಂಗಳಕ್ಕೆ ಬಂದಳು. ಸುಕನ್ಯಾ ಗೋದಾಮಿನ ಬಾಗಿಲಿನಿಂದ ನೋಡಿದಳು. ತಗಡನ್ನು ಒಮ್ಮೆ ನೆಟ್ಟಗೆ, ಒಮ್ಮೆ ಬೋರಲಾಗಿ ಇಟ್ಟು, ಸುಕನ್ಯಾ ಕಲಿಸಿದ ಹಾಗೆಯೇ ನೇತ್ರಾವತಿ ನೋಡುತ್ತಿದ್ದಳು. ವಿರುಪಣ್ಣನಿಲ್ಲದೆಯೇ ಕಲ್ದೊಡ್ಡಿಯವರು ಆ ತುಂಡನ್ನು ಹೊತ್ತರು. ಮೋಡ ಕಟ್ಟುವ ಹೊತ್ತಿಗೆ ಸೇತುವೆ ಆಚೆ ದಡ ಮುಟ್ಟಿತು. ಅದಾದ ಮೇಲೆ ನೇತ್ರಾವತಿ ಉತ್ತರಕ್ಕೆ ಹೊರಟುಹೋದಳು. ಹೊರಡುವ ಮುಂಚೆ ಯಲಬುರ್ಗಾಕ್ಕೆ ಹೋಗಿ ಹುಲಿಗವ್ವನನ್ನು ಕಂಡುಬಂದಳೆಂದು ಸುಕನ್ಯಾಳಿಗೆ ಆಮೇಲೆ ತಿಳಿಯಿತು.

ಮಿರಗದ ಮಳೆ ಎರಡು ಸಲ ಬಿದ್ದು ಬಿಟ್ಟಿತ್ತು. ಒಂದು ಭಾನುವಾರ ಸುಕನ್ಯಾ ಗಂಗಾವತಿಯ ಬಸ್ಸು ಹತ್ತಿದಳು. ಯಾರಿಗೂ ಹೇಳಲಿಲ್ಲ. ಕಚ್ಚಾ ದಾರಿಯಲ್ಲಿ ನಡೆದು, ತೊಯ್ದ ಬಂಡೆಗಳನ್ನು ಕೈಯೂರಿ ಹತ್ತಿ, ಸೇತುವೆಯ ಬಾಯಿಗೆ ಬಂದು ನಿಂತಳು. ಕೆಳಗೆ ಕೊಳ್ಳದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಕಬ್ಬಿಣದ ಜಾಲರಿಯ ನೆಲ ಹೆಜ್ಜೆಯಿಟ್ಟಲ್ಲೆಲ್ಲ ಸಣ್ಣಗೆ ನಡುಗುತ್ತಿತ್ತು. ಎಷ್ಟು ನಡುಗಬೇಕೋ ಅಷ್ಟೇ. ಅದನ್ನು ಲೆಕ್ಕ ಹಾಕಿದವಳು ತಾನೇ ಎಂಬುದು ನೆನಪಾಗಿ, ಕಂಬಿ ಹಿಡಿದುಕೊಂಡು ದಾಟಿದಳು.

ವಿರುಪಣ್ಣ ಮನೆಯ ಮುಂದಿನ ಚಪ್ಪರದಡಿ ಹೊರಸಿನ ಮೇಲೆ ಕಾಲು ನೀಡಿಕೊಂಡು ಕೂತಿದ್ದ. ಅವಳನ್ನು ಗುರುತಿಸಿ, "ಕಾರ್ಖಾನಿಯಾಕಿ ಅಲ್ಲಾ ನೀನು? ಬಾರವ್ವ, ಕುಂದ್ರು," ಎಂದ. ಅವನ ಹೆಂಡತಿ ಗಾಳೆವ್ವ ಒಳಗಿನಿಂದ ನೀರು ತಂದುಕೊಟ್ಟು, ಅಲ್ಲೇ ಮೂರು ಕಲ್ಲಿನ ಒಲೆಯ ಮೇಲೆ ಚಹಾಕ್ಕಿಟ್ಟಳು.

"ನೇತ್ರವ್ವ ನಿನ್ನೆ ಫೋನ್ ಹಚ್ಚಿದ್ದಳು," ಎಂದ ವಿರುಪಣ್ಣ. "ಹಿಮ ತೋರ್ಸಿದ್ಲು ನೋಡು ಫೋನಿನ್ಯಾಗ. ಹತ್ತಿ ಚೆಲ್ಲಿದಂಗ ಐತಿ ಗುಡ್ಡದ ತುಂಬ. ನಿಂಗೂ ತೋರ್ಸಿರಬೇಕು."

"ಇಲ್ರಿ ಕಾಕಾ."

ಅವಳು ಲೋಟ ಕೆಳಗಿಟ್ಟಳು. ಬಸ್ಸಿನಲ್ಲಿ ಬರುವಾಗ ಹೊಂದಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಆ ತುಂಡು ತಪ್ಪೈತಂತ ನಂಗ ಮೊದ್ಲ ಗೊತ್ತಿತ್ರಿ ಕಾಕಾ," ಎಂದಳು.

ವಿರುಪಣ್ಣ ತನ್ನ ಕಾಲನ್ನು ನೋಡಿಕೊಂಡ. "ಗೊತ್ತಿದ್ದು ಯಾಕ ಕಳಿಸ್ದಿ?"

"ಹೊಟ್ಟಿಕಿಚ್ಚಿಗೆ."

"ಯಾರ ಮ್ಯಾಲ? ನಮ್ಮ ಮ್ಯಾಲೇನು?"

"ಅಲ್ರಿ. ನೇತ್ರಾವತಿ ಮ್ಯಾಲ."

ಅವನು ಮುಖವನ್ನು ಗುಡ್ಡದ ಕಡೆ ತಿರುಗಿಸಿದ. ಮತ್ತೆ ತಿರುಗಲಿಲ್ಲ. ಗಾಳೆವ್ವ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಕುದಿಯುತ್ತಿದ್ದ ಚಹಾ ಮೆಲ್ಲಗೆ ಇಳಿಯಿತು. ಅದನ್ನು ಯಾರೂ ಸೋಸಲಿಲ್ಲ. ಸುಕನ್ಯಾ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ, ನೆಲದ ಮೇಲೆ ಬಿದ್ದಿದ್ದ ಆಡಿನ ಹಿಕ್ಕೆಗಳನ್ನು ನೋಡುತ್ತ ಕೂತಳು.

ಹಟ್ಟಿಯ ಕಡೆಯಿಂದ ಆಡುಗಳ ಅರಚಾಟ ಕೇಳಿಸಿತು. ಗಾಳೆವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು. ಗಂಡನ ಕಡೆ ಒಮ್ಮೆ ನೋಡಿ, ಗೋಡೆಗೊರಗಿಸಿದ್ದ ಹಳೆಯ ಗೋಣಿತಟ್ಟುಗಳ ಸುರುಳಿಯನ್ನು ಎತ್ತಿಕೊಂಡಳು.

"ಸೇತುವಿ ಮ್ಯಾಲ ಆಡು ಕಾಲಿಡವಲ್ಲವು," ಎಂದಳು. ಸುಕನ್ಯಾಳ ಮುಖ ನೋಡದೆ ಹೇಳಿದಳು. "ಜಾಲರಿ ಸಂದ್ಯಾಗ ನೀರು ಕಾಣತೈತಲ್ಲ, ಬೆದರ್ತಾವ. ತಟ್ಟು ಹಾಸಿದ್ರ ಗಾಳಿಗೆ ಹಾರ್ತಾವ. ಕುಂತು ಏನ್ಮಾಡ್ತಿ? ಒಂದು ಕೈ ಹಿಡಿ ಬಾ."

ಇಬ್ಬರೂ ಹಟ್ಟಿಯ ಆಡುಗಳನ್ನು ಹೊಡೆದುಕೊಂಡು ಸೇತುವೆಗೆ ಬಂದರು. ಊರ ಕಡೆಯ ಅಂಚಿನಲ್ಲಿ ಆಡುಗಳು ಒಂದರ ಮೇಲೊಂದು ಬಿದ್ದು, ಮೂಗು ಚಾಚಿ, ಹಿಂದೆ ಸರಿಯುತ್ತಿದ್ದವು. ಗಾಳೆವ್ವ ತಟ್ಟುಗಳನ್ನು ಒಂದರ ಬಾಲಕ್ಕೊಂದು ಹಾಸುತ್ತ ನಡುವಿನವರೆಗೆ ಹೋದಳು. ಸುಕನ್ಯಾ ಮೊಣಕಾಲೂರಿ, ಗಾಳಿಗೆ ಎದ್ದೇಳುತ್ತಿದ್ದ ಒಂದು ತಟ್ಟಿನ ಎರಡು ಮೂಲೆಗಳನ್ನು ಅಂಗೈಯಿಂದ ಒತ್ತಿ ಹಿಡಿದಳು. ಜಾಲರಿಯ ತಣ್ಣನೆಯ ಕಬ್ಬಿಣ ಮೊಣಕಾಲಿಗೆ ಒತ್ತಿತು.

ಕಪ್ಪು ಹೋತವೊಂದು ಮುಂದೆ ಬಂದು ತಟ್ಟನ್ನು ಮೂಸಿತು. ಒಂದು ಕಾಲಿಟ್ಟು ತೆಗೆಯಿತು. ಮತ್ತೆ ಇಟ್ಟಿತು. ಆಮೇಲೆ ಅದರ ಹಿಂದೆ ಎಲ್ಲವೂ ಒಮ್ಮೆಲೇ ನುಗ್ಗಿದವು. ಒದ್ದೆ ಗೊರಸುಗಳು ತಟ್ಟಿನ ಮೇಲೂ ಅವಳ ಬೆರಳುಗಳ ಮೇಲೂ ತುಳಿಯುತ್ತ ಆಚೆ ದಾಟತೊಡಗಿದವು. ಅವಳು ಕೈ ತೆಗೆಯಲಿಲ್ಲ.